ಮೊದಲ ಪದ ಓಡೆಲ್

ಏಳು, ಒಂಬತ್ತು, ಹನ್ನೊಂದು ಎಂದು ಬೆಳೆಯುವ ಶ್ರೇಢಿಗೆ ಸೂತ್ರ ಬರೆಯಿರಿ ಎಂದು ಗಣಿತ ಪರೀಕ್ಷೆಯಲ್ಲಿ ಕೇಳಿದ್ದೆ. ಡಾರ್ಲಾ ಕ್ವಿಗ್ಲಿ, 'ಹಿಂದಿನ ಪದಕ್ಕೆ ಎರಡು ಕೂಡಿಸಿ' ಎಂದಷ್ಟೇ ಬರೆದು ಪೆನ್ಸಿಲ್ ಇಟ್ಟಳು. ಎಲ್ಲಿಂದ ಶುರು ಎಂದು ಬರೆದಿರಲಿಲ್ಲ. ಉಳಿದ ಉತ್ತರಗಳದ್ದೂ ಅದೇ ಕಥೆ. ಫೇಲು ಮಾಡಿದೆ.

ನೆಬ್ರಾಸ್ಕಾದ ನಮ್ಮ ಶಾಲೆಯಲ್ಲಿ ಗಣಿತ ಫೇಲಾದವರು ಶುಕ್ರವಾರದ ಫುಟ್‌ಬಾಲ್ ಪಂದ್ಯದಲ್ಲಿ ಬ್ಯಾಂಡಿನ ಜೊತೆ ಮೈದಾನಕ್ಕೆ ಇಳಿಯುವಂತಿಲ್ಲ. ಡಾರ್ಲಾ ಟ್ಯೂಬಾ ಎಂಬ ಭಾರಿ ಹಿತ್ತಾಳೆ ಕಹಳೆ ಊದುವವಳು. ಶಾಲೆ ಮುಗಿಯುವ ವರ್ಷ, ಅವಳಿಗೆ ಇದೇ ಕೊನೆಯ ಪಂದ್ಯ.

"ಮೊದಲ್ನೇದು ನಾನ್ಯಾಕ್ ಬರೀಬೇಕು ಸರ್? ಬ್ಯಾಂಡಲ್ಲಿ ಬಾಣದ ಆಕಾರಕ್ಕೆ ನಿಲ್ಲೋವಾಗ ಮುಂದಿನ ಸಾಲು ನೋಡ್ಕೊಂಡು ಇಬ್ರು ಜಾಸ್ತಿ ನಿಂತ್ರೆ ಆಯ್ತು. ಎಲ್ಲರಿಗಿಂತ ಮುಂದೆ ಒಬ್ನೇ ನಿಲ್ಲೋದು ಓಡೆಲ್ ಕೆಲಸ."

"ಹಾಗಾದ್ರೆ ಪರೀಕ್ಷೇನೂ ಓಡೆಲ್ ಕೈಲೇ ಬರೆಸು," ಎಂದೆ. ಆದರೂ ಶುಕ್ರವಾರ ಬೆಳಿಗ್ಗೆ ಮರುಪರೀಕ್ಷೆ ಇಟ್ಟೆ. ನಾನೇನು ರಾಕ್ಷಸನಲ್ಲ.

ಗುರುವಾರ ಬ್ಯಾಂಡಿನ ತಾಲೀಮಿನ ಹೊತ್ತಿಗೆ ಓಡೆಲ್ ಹಲ್ಲು ಕೀಳಿಸಿಕೊಳ್ಳಲು ಹೋಗಿದ್ದ. ಬ್ಯಾಂಡ್ ಕಲಿಸುವ ಪ್ರುಯಿಟ್ ಮೇಡಂ ಎಂದಿನಂತೆ ಸೀಟಿ ಊದಿ, "ಬಾಣ!" ಎಂದು ಕೂಗಿದರು. ಎರಡನೇ ಸಾಲಿನ ಮೂವರು ಮುಂದೆ ನೋಡಿದರು. ಯಾರೂ ಇಲ್ಲ. ಸೊನ್ನೆಗೆ ಎರಡು ಕೂಡಿಸಿ, ಒಬ್ಬನನ್ನು ಹಿಂದಕ್ಕೆ ತಳ್ಳಿದರು. ಅವರ ಹಿಂದಿನ ಸಾಲು ಇಬ್ಬರನ್ನು ಕಂಡು ನಾಲ್ವರಾಗಿ ನಿಂತು, ಮಿಕ್ಕವರನ್ನು ಮತ್ತೆ ಹಿಂದಕ್ಕೆ ಕಳಿಸಿತು. ಹೀಗೇ ಕೊನೆಯವರೆಗೆ. ಯಾರೂ ತಪ್ಪು ಮಾಡಲಿಲ್ಲ. ಕೊನೆಗೆ ನಾಲ್ವರು ಸಾಲಿನಿಂದ ಹೊರಗೆ, ಹುಲ್ಲಿನ ಮೇಲೆ ಉಳಿದರು. ಟ್ಯೂಬಾ ಹೊತ್ತ ಡಾರ್ಲಾ ಅವರಲ್ಲೊಬ್ಬಳು.

ಬೇಲಿಯ ಬಳಿ ನಿಂತಿದ್ದ ನನ್ನ ಹತ್ತಿರ ಬಂದಳು. ಕಣ್ಣು ತುಂಬಿತ್ತು.

"ಎಲ್ರೂ ಸರಿಯಾಗೇ ನಿಂತಿದಾರೆ ಸರ್. ಮತ್ತೆ ನನಗ್ಯಾಕೆ ಜಾಗ ಇಲ್ಲ?"

"ಮುಂದೆ ಯಾರಿದಾರೆ?"

ನೋಡಿದಳು. ಎಂಟು, ಆರು, ನಾಲ್ಕು, ಎರಡು ಎಂದು ಹಿಂದಿನ ಸಾಲಿನಿಂದ ಮುಂದಕ್ಕೆ ಎಣಿಸಿದಳು.

"ಥೂ, ಓಡೆಲ್!" ಎಂದಳು.

ಮರುಪರೀಕ್ಷೆಯಲ್ಲಿ ಪ್ರತಿ ಉತ್ತರದ ತಲೆಯ ಮೇಲೂ ಮೊದಲ ಪದ ಕುಳಿತಿತ್ತು. ನಿಮ್ಮದೇ ಒಂದು ಶ್ರೇಢಿ ಕೊಡಿ ಎಂಬ ಕೊನೆಯ ಪ್ರಶ್ನೆಗೆ, 'ಮೊದಲ ಪದ: ಓಡೆಲ್. ಆಮೇಲೆ ಹಿಂದಿನ ಪದಕ್ಕೆ ಎರಡು ಕೂಡಿಸಿ' ಎಂದು ಬರೆದಿದ್ದಳು. ಓಡೆಲ್ ಸಂಖ್ಯೆಯಲ್ಲ ಎಂದು ಅರ್ಧ ಅಂಕ ಕತ್ತರಿಸಿದೆ. ಆದರೂ ಪಾಸಾದಳು.

ಆ ಸಂಜೆ ಓಡೆಲ್ ಊದಿದ ಕೆನ್ನೆ ಹೊತ್ತು ಬಂದು ಮೈದಾನದ ನಡುವೆ ಒಬ್ಬನೇ ನಿಂತ. ಹಿಂದೆ ಮೂವರು, ಅವರ ಹಿಂದೆ ಐವರು. ಕೊನೆಯ ಸಾಲಿನ ತುದಿಯಲ್ಲಿ ಟ್ಯೂಬಾ ಮೊಳಗಿತು. ನನಗೆ ಖುಷಿಯಾಯಿತು. ಕೂತಲ್ಲೇ ಚೀಲದಿಂದ ಅವಳ ಉತ್ತರಪತ್ರಿಕೆ ತೆಗೆದು, ಆ ಅರ್ಧ ಅಂಕ ವಾಪಸು ಕೊಟ್ಟೆ.