ನಲವತ್ತು ದಿನ ನೀರಿಲ್ಲ

ಮೋಸಂಬಿ ತೋಟದ ಮಾಲಿ ನಾನು. ಹಣ್ಣು ಬಿಡದ ಗಿಡ ಕಂಡರೆ ನನಗೆ ಸಿಟ್ಟು. ಆಳಂದದಲ್ಲಿ ನಮ್ಮ ಪಕ್ಕದ ಮನೆಯ, ಓಣಿಗೆಲ್ಲ ಚಿಕ್ಕಮ್ಮನಂತಿದ್ದ ಕುಲಸುಮಬಿ ಖಾಲಾ ಅವರ ಅಂಗಳದಲ್ಲೇ ಅಂಥದೊಂದಿತ್ತು.

ದೇಶ ಇಬ್ಭಾಗವಾಗುವ ಮುಂಚಿನ ಮಾತು. ಆಕೆಯ ಒಬ್ಬನೇ ಮಗ ಲಾಡ್ಲೆಸಾಬ ದೂರದ ಕ್ವೆಟ್ಟಾದಲ್ಲಿ ಗೋಡೆ ಕಟ್ಟುವ ಗೌಂಡಿ ಕೆಲಸಕ್ಕಿದ್ದ. ಒಮ್ಮೆ ಬಂದಾಗ ಅಲ್ಲಿಯ ಶಫ್ತಾಲು, ಅಂದರೆ ಪೀಚ್ ಹಣ್ಣಿನ ಬೀಜ ತಂದು ನೆಟ್ಟ. "ಒಳಗ ಖೊಬ್ರಿಹಂಗ ಬೆಳ್ಳಗ ಇರ್ತದ, ಅಮ್ಮಾ. ಹಣ್ಣು ಬಿಟ್ಟಾಗ ಕೂಡಿ ತಿನ್ನೂಣು" ಎಂದು ಹೋದ. ಮರುವರ್ಷದ ಭೂಕಂಪದಲ್ಲಿ ಆ ಊರೇ ನೆಲಸಮವಾಯಿತು. ಹೆಣ ಸಿಗಲಿಲ್ಲ. ಜೊತೆಗಿದ್ದ ಮಣ್ಣೂರಿನ ಸೈದಪ್ಪ ಬಂದು, ಅವನ ಮೇಲೆ ಗೋಡೆ ಬಿದ್ದದ್ದನ್ನು ಕಣ್ಣಾರೆ ಕಂಡೆ ಎಂದ. ಖಾಲಾ ನಂಬಲಿಲ್ಲ. ನಲವತ್ತನೆಯ ದಿನ ಸತ್ತವರಿಗಾಗಿ ಓದುವ ಫಾತೆಹಾ ಪ್ರಾರ್ಥನೆಗೆ ಬಂದ ಮೌಲ್ವಿಯನ್ನು, "ಬದುಕಿದವಗ ಫಾತೆಹಾ ಓದಸ್ತಾರೇನ್ರಿ?" ಎಂದು ಬಾಗಿಲಿನಿಂದಲೇ ಕಳಿಸಿದರು.

ನಮಾಜಿಗೆ ಕೈಕಾಲು ತೊಳೆದ ನೀರನ್ನು ದಿನಕ್ಕೆ ಐದು ಸಲ ಆ ಗಿಡಕ್ಕೇ ಬಿಟ್ಟರು. ನಾಲ್ಕು ವರ್ಷದಲ್ಲಿ ಅದು ಮಾಳಿಗೆ ಮುಟ್ಟಿತು. ಎಲೆಯೋ ಎಲೆ, ಹೂವಿನ ಸುಳಿವಿಲ್ಲ.

"ಖಾಲಾ, ಇದು ಚಳಿ ನಾಡಿನ ಗಿಡ. ಎಲಿ ಉದುರಿಸಿ ಮಲಗೂದು ಇದರ ರೂಢಿ. ನೀವು ಮಲಗಾಕ ಬಿಡವಲ್ರಿ. ಬುಡ ಕೆದರಿ ಬೇರಿಗೆ ಬಿಸಲು ತೋರಸ್ತೇನಿ. ನಲವತ್ತು ದಿನ ಹನಿ ನೀರು ಹಾಕಬ್ಯಾಡ್ರಿ."

"ಸತ್ರ?"

"ಮೋಸಂಬಿಗೆ ವರ್ಷಾ ಹಿಂಗ ಮಾಡ್ತೇವಿ. ಸಾಯಂಗಿಲ್ರಿ."

ಎಳ್ಳ ಅಮಾವಾಸ್ಯೆ ಕಳೆದ ಮೇಲೆ ಬೇರು ಬಿಡಿಸಿದೆ. ಎರಡು ವಾರವಾದರೂ ಒಂದೆಲೆ ಬಾಡಲಿಲ್ಲ. ಮಣ್ಣು ಮುಟ್ಟಿದರೆ ತೇವ. ಕದ್ದು ನೀರು ಹಾಕಿದ್ದರು. ನನ್ನ ಪಿತ್ತ ನೆತ್ತಿಗೇರಿತು.

"ಯಾರ ಸಲುವಾಗಿ ಹಸರ ಇಟ್ಟೀರಿ ಇದನ್ನ? ಅಂವ ಬರಂಗಿಲ್ಲ, ಖಾಲಾ."

ಓಣಿಯಲ್ಲಿ ನಾಲ್ಕು ವರ್ಷ ಯಾರೂ ಆಡದ ಮಾತು. ಆಡಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಆಕೆ ಕೈಯಲ್ಲಿದ್ದ ತಂಬಿಗೆಯನ್ನು ಗೋಡೆಯ ಬದಿಗೆ ಬೋರಲು ಹಾಕಿ ಒಳಗೆ ಹೋದರು.

ಅಂದಿನಿಂದ ನೀರು ನಿಂತಿತು. ಎಲೆ ಹಳದಿಯಾಗಿ ಉದುರತೊಡಗಿತು. ಬಿದ್ದ ಎಲೆಗಳನ್ನು ಆಕೆ ದಿನಾ ಆಯ್ದು ಸೆರಗಿನಲ್ಲಿ ತುಂಬಿಕೊಳ್ಳುತ್ತಿದ್ದರು. ಕೊನೆಗೆ ಗಿಡ ಬರೀ ಕಟ್ಟಿಗೆಯಾಗಿ ನಿಂತಿತು. ಕೊಂದೆನೇನೋ ಎಂದು ನನಗೂ ಭಯವಾಯಿತು.

ನೀರು ನಿಂತ ನಲವತ್ತನೆಯ ದಿನ ಗೊಬ್ಬರದ ಬುಟ್ಟಿ, ನೀರಿನ ಕೊಡ ಹಿಡಿದು ಹೋದೆ. ಅಂಗಳದಲ್ಲಿ ಊದಿನ ಹೊಗೆ. ಗಿಡದ ಮುಂದೆ ಚಾಪೆ ಹಾಸಿ ಮೌಲ್ವಿ ಕುಳಿತಿದ್ದರು. ಅವರೆದುರು ಖೀರಿನ ಬಟ್ಟಲು.

"ತಡಿಯಪ್ಪ ಮಲ್ಕಪ್ಪ," ಎಂದರು ಖಾಲಾ. "ಮೊದಲ ನನ್ನ ಮಗಂದು ಫಾತೆಹಾ ಆಗ್ಲಿ. ಆಮ್ಯಾಲ ನೀರು ಹಾಕು."

ಮುಂಗಾರಿನ ಮಿರಗ ಮಳೆಗೆ ಮುಂಚೆ ಮೂರೇ ಮೂರು ಹಣ್ಣು ಬಂದವು. ಒಂದನ್ನು ಕೊಯ್ದು ಅರ್ಧ ನನ್ನ ಕೈಗಿಟ್ಟರು. ಉಳಿದರ್ಧವನ್ನು ಬೆಳಕಿಗೆ ಹಿಡಿದು ನೋಡಿದರು. ಕೊಬ್ಬರಿಯಷ್ಟೇ ಬಿಳುಪು.

"ನನ್ನ ಮಗ ಸುಳ್ಳು ಹೇಳತಿದ್ದಿಲ್ಲ" ಎಂದರು. ಆಮೇಲೆ ಅತ್ತರು. ನಾಲ್ಕು ವರ್ಷದಲ್ಲಿ ಆಕೆ ಅತ್ತದ್ದು ನಾನು ಕಂಡದ್ದು ಅದೇ ಮೊದಲು.