ನಿಧಾನಿಯ ಬ್ಯಾಟರಿ

ಗಂಡ ತೀರಿಹೋಗಿ ಏಳು ತಿಂಗಳಾದ ಮೇಲೆ, ಒಂದು ಸೋಮವಾರ, ಅತ್ತೆ ಅವನ ಕಾರನ್ನು ಅಟ್ಟದಿಂದ ಇಳಿಸಿದರು. ಮೊಳದುದ್ದದ ಕಾರು, ರಿಮೋಟ್ ಹಿಡಿದು ನಿಂತಲ್ಲಿಂದಲೇ ಓಡಿಸುವಂಥದು. ಅವನು ಲಿಫ್ಟ್ ರಿಪೇರಿಯವನು. ವಾರವಿಡೀ ಮೇಲೆ ಕೆಳಗೆ ಹೋಗುವವನಿಗೆ ಒಂದು ದಿನವಾದರೂ ನೆಲದ ಮೇಲೆ ಅಡ್ಡಾದಿಡ್ಡಿ ಓಡಬೇಕು ಅನ್ನಿಸುತ್ತೆ ಎಂದು ನಗುತ್ತಿದ್ದ. ಭಾನುವಾರ ಬೆಳಿಗ್ಗೆ, ಇಂಥ ಕಾರು ಮಾರುವ ಅಂಗಡಿಯ ಹಿಂದಿನ ಮಣ್ಣಿನ ಬಯಲಿಗೆ ಹೋಗುತ್ತಿದ್ದ. ಮದುವೆಯಾದ ಹೊಸತರಲ್ಲಿ ನನ್ನನ್ನು ಎರಡು ಸಲ ಕರೆದ. ನಾನು ಎರಡು ಸಲವೂ ಮಗ್ಗುಲು ಬದಲಿಸಿ ಮಲಗಿದೆ. ಮೂರನೆಯ ಸಲ ಅವನು ಅಮ್ಮನನ್ನು ಕರೆದ. ಅವರು ಎದ್ದು ಹೋದರು. ಆಮೇಲೆ ಐದು ವರ್ಷ ಹೋಗುತ್ತಲೇ ಇದ್ದರು.

ಅತ್ತೆ ದರ್ಜಿ. ಮುಂದಿನ ಕೋಣೆಯಲ್ಲಿ ಶಾಲೆಯ ಸಮವಸ್ತ್ರ, ನರ್ಸುಗಳ ಕೋಟು ಹೊಲಿಯುತ್ತಾರೆ. ಮಗ ಹೋದಾಗ ಗಟ್ಟಿಯಾಗಿ ಅತ್ತರು. ಅಳತೆ ಕೊಡಲು ಬಂದವರ ಮುಂದೆ, ಟೇಪು ಅವರ ಭುಜದ ಮೇಲಿರುವಾಗಲೇ ಅತ್ತರು. ಅತ್ತು ಮುಗಿಸಿ ಊಟ ಮಾಡಿದರು. ನಾನು ಬೀಜ ಪರೀಕ್ಷಿಸುವ ಲ್ಯಾಬಿನಲ್ಲಿದ್ದೇನೆ. ಒದ್ದೆ ಕಾಗದದಲ್ಲಿ ನೂರು ಬೀಜ ಸುತ್ತಿಟ್ಟು, ಏಳನೆಯ ದಿನ ಬಿಚ್ಚಿ, ಎಷ್ಟು ಮೊಳೆತವು ಎಂದು ಬರೆಯುವುದು ನನ್ನ ಕೆಲಸ. ಅವನು ಹೋದ ಹತ್ತನೆಯ ದಿನವೂ ಬಿಚ್ಚಿ ಬರೆದೆ. ಜನ ಗಟ್ಟಿಗಿತ್ತಿ ಅಂದರು. ನನಗೆ ಅಳು ಬಂದಿರಲಿಲ್ಲ; ಅತ್ತೆಯ ಅಳುವನ್ನು ಕಂಡರೆ ಹೊಟ್ಟೆಕಿಚ್ಚಾಗುತ್ತಿತ್ತು.

"ಇಲ್ನೋಡು, ಚಾರ್ಜರ್ ಒಳಗೆ ಇರುವೆ ಗೂಡು ಕಟ್ಟಿವೆ," ಎಂದರು ಅತ್ತೆ. "ಅಲ್ಲಾಡಿಸಿದ್ರೆ ಮೊಟ್ಟೆ ಉದುರ್ತವೆ. ಹೊಸದು ತರಬೇಕು."

"ಯಾಕೆ?"

"ಯಾಕೆ ಅಂದ್ರೆ? ಓಡಿಸೋಕೆ. ಬಯಲಲ್ಲಿ ಕಾರು ಓಡಿಸೋರು ಫೋನ್ ಮಾಡ್ತಾನೇ ಇದ್ದಾರೆ, ಅಮ್ಮ, ನಿಧಾನಿ ಕಾರು ತಗೊಂಡು ಬನ್ನಿ ಅಂತ."

"ನಿಧಾನಿ ಯಾರು?"

ಅತ್ತೆ ನನ್ನ ಮುಖ ನೋಡಿದರು. "ನಿನ್ನ ಗಂಡ ಕಣೆ. ಐದು ವರ್ಷದಲ್ಲಿ ಒಂದು ರೇಸಾದ್ರೂ ಗೆದ್ದನಾ? ಯಾರಾದ್ರೂ ಹಿಂದಿಂದ ಬಂದ್ರೆ ಪಕ್ಕಕ್ಕೆ ಸರಿದು ದಾರಿ ಬಿಡೋನು. ನಿನಗೆ ಹೇಳಿರಲಿಲ್ವಾ?"

ಹೇಳಿರಲಿಲ್ಲ. ನನ್ನ ಜೊತೆ ಆರು ವರ್ಷ ಒಂದೇ ಮನೆಯಲ್ಲಿದ್ದವನಿಗೆ ಬೇರೆ ಕಡೆ ಬೇರೆ ಹೆಸರಿತ್ತು. ಅದು ಅತ್ತೆಗೆ ಗೊತ್ತಿತ್ತು.

"ಅಂಗಡಿಯೋನು ಎಷ್ಟು ಸೆಲ್ಲು, ಎಷ್ಟು ಆಂಪಿಯರ್ರು ಅಂತ ಕೇಳ್ದ. ನಾನು ಹೂಂ ಹೂಂ ಅಂದೆ. ಅವನು ನಕ್ಕ. ನೀನು ಓದಿದೋಳು, ಜೊತೆಗೆ ಬಾ. ಚಾರ್ಜರ್ ಆರಿಸಿ ಕೊಡು, ಸಾಕು. ಓಡಿಸೋದು ನನಗೆ ಬರುತ್ತೆ."

ಮರುದಿನ ಸಂಜೆ ಕಾರಿನ ಬ್ಯಾಟರಿ ತೆಗೆದುಕೊಂಡು ಹೋದೆವು. ಅಂಗಡಿ ಉದ್ದಕ್ಕೆ, ಕಿರಿದಾಗಿತ್ತು. ಗೋಡೆಯ ತುಂಬ ಪುಟ್ಟ ಟೈರುಗಳು, ಗೇರುಗಳು, ಬಣ್ಣದ ತಂತಿಗಳು. ಅಂಗಡಿಯವನು ಕನ್ನಡಕ ಹಣೆಗೇರಿಸಿ ಅತ್ತೆಯ ಕೈ ಹಿಡಿದುಕೊಂಡ. ನನಗೆ ನಮಸ್ಕಾರ ಹೇಳಿದ. ಹಿಂದಿನ ಬಾಗಿಲಿನಿಂದ ಬಯಲು ಕಾಣುತ್ತಿತ್ತು. ಅಲ್ಲಿ ಯಾರೋ ಇಬ್ಬರು "ಅಮ್ಮ ಬಂದ್ರು!" ಎಂದು ಕೂಗಿದರು. ಅತ್ತೆ ಅತ್ತ ಹೋದರು, ತವರಿಗೆ ಬಂದವರ ಹಾಗೆ.

ನಾನು ಕಪಾಟಿನ ಮುಂದೆ ಉಳಿದೆ.

"ಇದೇ ಮೊದಲ ಸಲಾನಾ?" ಎಂದ ಅಂಗಡಿಯವನು. "ಹೆದರಬೇಡಿ. ಚಾರ್ಜರ್ ನೋಡೋಕೆ ಮುಂಚೆ ಬ್ಯಾಟರಿ ನೋಡ್ಬೇಕು. ನಿಮ್ಮದು ಲಿಥಿಯಂ, ಒಳಗೆ ಎರಡು ಸೆಲ್. ಈ ದಪ್ಪ ತಂತಿ ಎರಡು ಕಾರಿಗೆ. ಈ ಬಿಳೀ ಪ್ಲಗ್ಗು ಇದೆಯಲ್ಲ, ಇದು ಒಂದೊಂದು ಸೆಲ್ಲನ್ನೂ ಬೇರೆ ಬೇರೆ ವಿಚಾರಿಸಿಕೊಳ್ಳೋಕೆ. ಅವಳಿ ಮಕ್ಕಳಿದ್ದ ಹಾಗೆ. ಒಬ್ಬನಿಗೆ ಜಾಸ್ತಿ ಬಡಿಸಿ ಇನ್ನೊಬ್ಬನಿಗೆ ಕಮ್ಮಿ ಮಾಡಿದ್ರೆ ಮನೇಲಿ ಜಗಳ. ಒಳ್ಳೇ ಚಾರ್ಜರ್ ಇಬ್ಬರನ್ನೂ ಸಮ ಮಾಡುತ್ತೆ. ಅದಿಲ್ಲದ್ದು ತಗೋಬೇಡಿ."

"ಇದು?" ನಾನು ಕೆಳಗಿನ ಸಾಲಿನ ಒಂದು ಸಣ್ಣ ಕಪ್ಪು ಡಬ್ಬಿ ತೋರಿಸಿದೆ.

"ಅದು ನಿಕ್ಕಲ್ ಬ್ಯಾಟರಿಗೆ. ಮಕ್ಕಳ ಕಾರಿನ ಜೊತೆ ಬರುತ್ತಲ್ಲ, ಅಂಥದ್ದು. ಪ್ಲಗ್ಗೇ ಬೇರೆ, ನಿಮ್ಮದಕ್ಕೆ ಕೂರಲ್ಲ. ಹಟ ಮಾಡಿ ಕೂರಿಸಿದ್ರೆ ಉಬ್ಬುತ್ತೆ, ಬೆಂಕಿ ಹತ್ತುತ್ತೆ. ಹೊಸಬರು ಮಾಡೋ ಮೊದಲನೇ ತಪ್ಪು ಅದೇ." ಅವನು ಮೇಲಿನಿಂದ ಪುಟ್ಟ ಪರದೆಯಿದ್ದ ಇನ್ನೊಂದನ್ನು ಇಳಿಸಿದ. "ನಿಮಗೆ ಇದು. ಲಿಥಿಯಂ, ಎರಡು ಸೆಲ್, ಐದು ಆಂಪಿಯರ್, ಅಷ್ಟು ಹೇಳಿದ್ರೆ ಸಾಕು. ಮುಗಿಯೋವರೆಗೂ ಪಕ್ಕದಲ್ಲೇ ಕೂತಿರಬೇಕು."

ಆಮೇಲೆ ಬೆರಳುದ್ದದ ಮೀಟರೊಂದನ್ನು ಬ್ಯಾಟರಿಯ ಬಿಳೀ ಪ್ಲಗ್ಗಿಗೆ ಚುಚ್ಚಿದ. ಅಂಕಿಗಳು ಹೊತ್ತಿಕೊಂಡವು. ಒಂದು ಸೆಲ್ಲು ಮೂರು ಪಾಯಿಂಟ್ ಎಂಟು ಮೂರು ವೋಲ್ಟು. ಇನ್ನೊಂದೂ ಅಷ್ಟೇ.

"ನೋಡಿ, ನಮ್ಮ ನಿಧಾನಿ! ಅರ್ಧ ತುಂಬಿಸಿ ಇಟ್ಟಿದ್ದಾನೆ. ಇಡೋ ಕ್ರಮಾನೇ ಅದು. ಪೂರ್ತಿ ತುಂಬಿದ್ರೂ ಕೆಡುತ್ತೆ, ಖಾಲಿ ಬಿಟ್ರೂ ಕೆಡುತ್ತೆ. ಏಳು ತಿಂಗಳಾದ್ರೂ ಹೇಗಿದೆ ನೋಡಿ."

"ಇದರಲ್ಲಿರೋದು ಅವನು ತುಂಬಿದ್ದಾ?"

"ಮತ್ತಿನ್ಯಾರು? ಆ ಕೊನೇ ಭಾನುವಾರ ಮನೆಗೆ ಹೋಗಿ ತುಂಬಿರ್ತಾನೆ. ಇದರಲ್ಲೇ ಒಂದು ಹತ್ತು ನಿಮಿಷ ಓಡುತ್ತೆ, ಬೇಕಾದ್ರೆ."

ಆ ಭಾನುವಾರ ಮಧ್ಯಾಹ್ನ ಅವನು ಕಿಟಕಿಯ ಬಳಿ ನೆಲದ ಮೇಲೆ ಕೂತಿದ್ದು ನನಗೆ ನೆನಪಿದೆ. ನಾನು ಪುಸ್ತಕದಿಂದ ತಲೆ ಎತ್ತಿರಲಿಲ್ಲ. ಎರಡೇ ದಿನಕ್ಕೆ, ಮಂಗಳವಾರ ಹಗಲು ಹನ್ನೊಂದಕ್ಕೆ, ರಸ್ತೆ ಅಪಘಾತದಲ್ಲಿ ಅವನು ಹೋದ.

ಹಿಂದಿನ ಬಾಗಿಲಿನಿಂದ ಅತ್ತೆಯ ನಗು ಕೇಳಿಸಿತು. ಯಾರದೋ ಕಾರು ಓಡಿಸುತ್ತಿದ್ದರು. ಈ ಬ್ಯಾಟರಿ ಸಿಕ್ಕರೆ ಅವರು ಹತ್ತು ನಿಮಿಷದಲ್ಲಿ ಅದನ್ನೂ ಖರ್ಚು ಮಾಡಿ, ಬೆವರೊರೆಸಿಕೊಂಡು, ಮೇಲೆ ಹೊಸ ಕರೆಂಟು ಸುರಿಯುತ್ತಾರೆ. ಐದು ವರ್ಷದ ಭಾನುವಾರಗಳೆಲ್ಲ ಅವರವು. ಹೆಸರು ಅವರಿಗೆ ಗೊತ್ತು. ಅಳು ಅವರದು. ಇದಾದರೂ ನನಗಿರಲಿ ಅನ್ನಿಸಿತು.

"ಈ ನಿಕ್ಕಲ್‌ದೇ ಕೊಡಿ," ಎಂದೆ. "ಮನೇಲಿ ಇನ್ನೊಂದು ಹಳೇ ಕಾರಿದೆ. ಇದರದ್ದು ಆಮೇಲೆ ನೋಡೋಣ."

ಸುಳ್ಳು ಇಷ್ಟು ನುಣ್ಣಗೆ ಬಂದೀತೆಂದು ನನಗೇ ಗೊತ್ತಿರಲಿಲ್ಲ. ಅಂಗಡಿಯವನು ಕನ್ನಡಕ ಇಳಿಸಿ ನನ್ನನ್ನು ನೋಡಿದ. "ಇದಕ್ಕೆ ಮಾತ್ರ ಹಾಕಬೇಡಿ ಮತ್ತೆ," ಎಂದು ಕಟ್ಟಿಕೊಟ್ಟ.

ದಾರಿಯಲ್ಲಿ ಅತ್ತೆ ಕೇಳಿದರು: "ಸರಿಯಾದ್ದೇ ತಾನೆ?"

"ಸರಿಯಾದ್ದೇ."

"ನೀನು ಹೇಳಿದ ಮೇಲೆ ಮುಗೀತು."

ನನ್ನ ಲೆಕ್ಕ ಇಷ್ಟೇ. ಪ್ಲಗ್ಗು ಕೂರುವುದಿಲ್ಲ, ಅತ್ತೆ ನಾಲ್ಕು ದಿನ ಗೊಣಗುತ್ತಾರೆ, ಕಾರು ಮತ್ತೆ ಅಟ್ಟಕ್ಕೆ ಹೋಗುತ್ತದೆ. ಬ್ಯಾಟರಿ ನನ್ನ ಬಟ್ಟೆಯ ಕಪಾಟಿಗೆ. ಅಂದುಕೊಂಡ ಹಾಗೆ ಬುಧವಾರ ಪ್ಲಗ್ಗು ಕೂರಲಿಲ್ಲ.

"ಇದೇನೇ, ಇದರ ಮೂತಿ ಒಂಥರಾ, ಅದರ ಮೂತಿ ಒಂಥರಾ," ಎಂದರು.

"ಮಧ್ಯೆ ಇನ್ನೊಂದು ಪಿನ್ನು ಬೇಕಂತೆ. ಬರೋ ವಾರ ತರ್ತೀನಿ," ಎಂದೆ. ಎರಡನೆಯ ಸುಳ್ಳು ಮೊದಲನೆಯದಕ್ಕಿಂತ ಸಲೀಸು.

ಒಂದು ವಿಷಯ ನಾನು ಮರೆತಿದ್ದೆ. ಅತ್ತೆ ತಮ್ಮ ಹೊಲಿಗೆ ಯಂತ್ರದ ಮೋಟಾರನ್ನು ತಾವೇ ರಿಪೇರಿ ಮಾಡಿಕೊಳ್ಳುವವರು. ಕೂರದ್ದನ್ನು ಕತ್ತರಿಸಿ ಕೂರಿಸುವುದು ನಲವತ್ತು ವರ್ಷದಿಂದ ಅವರ ಕಸುಬು.

ಗುರುವಾರ ಮಧ್ಯಾಹ್ನ ಲ್ಯಾಬಿಗೆ ಫೋನ್ ಬಂತು. "ಬಾ," ಎಂದರು. ಅಷ್ಟೇ.

ಮುಂದಿನ ಕೋಣೆಯಲ್ಲಿ ಸುಟ್ಟ ವಾಸನೆಯಿತ್ತು. ಅತ್ತೆ ಯಂತ್ರದ ಪಕ್ಕ ನೆಲದ ಮೇಲೆ ಕೂತಿದ್ದರು. ಬಲಗೈ ನೀರಿನ ಬೋಗುಣಿಯಲ್ಲಿತ್ತು. ಎದುರಿಗೆ ಅವರ ದೊಡ್ಡ ಕತ್ತರಿ. ಅದರ ಅಲಗಿನಲ್ಲಿ ಕಡಲೆಕಾಳಿನಷ್ಟು ಲೋಹ ಕರಗಿ ಹೋಗಿತ್ತು. ಬ್ಯಾಟರಿಯ ಎರಡು ದಪ್ಪ ತಂತಿಗಳೂ ತುಂಡಾಗಿದ್ದವು.

"ಚಾರ್ಜರಿನ ಮೂತಿ ಕತ್ತರಿಸಿದೆ, ಏನೂ ಆಗ್ಲಿಲ್ಲ," ಎಂದರು. "ಬ್ಯಾಟರೀದು ಎರಡು ತಂತೀನೂ ಜೋಡಿಸಿ ಹಿಡಿದು ಒಂದೇ ಏಟಿಗೆ ಕತ್ತರಿಸಿದೆ. ಸಿಡಿಲು ಬಡಿದ ಹಾಗಾಯ್ತು ಕಣೆ. ಎಲ್ಲಿ ತಪ್ಪಿದೆ ಅಂತಾನೇ ತಿಳೀಲಿಲ್ಲ."

ನನ್ನ ಕೈ ತಾನಾಗಿಯೇ ಕೆಲಸ ಮಾಡಿತು. ಎರಡು ತುದಿಗಳಿಗೂ ಬೇರೆ ಬೇರೆ ಟೇಪು ಸುತ್ತಿದೆ. ಖಾಲಿ ಹೂಕುಂಡಕ್ಕೆ ಮರಳು ತುಂಬಿಸಿ ಬ್ಯಾಟರಿ ಅದರೊಳಗಿಟ್ಟು ಅಂಗಳಕ್ಕೆ ಒಯ್ದೆ. ಮುಲಾಮು ತಂದೆ. ಹೆಬ್ಬೆರಳು, ತೋರುಬೆರಳು ಎರಡೂ ಬೊಬ್ಬೆ ಎದ್ದಿದ್ದವು.

"ಸರಿಯಾದ್ದೇ ಅಂತ ನೀನು ಅಂದಿದ್ದೆ, ನಾನೇ ಕೆಡಿಸಿದೆ," ಎಂದರು. ತಪ್ಪು ತಮ್ಮದೇ ಎಂಬ ದನಿ ಅದು. ಅದನ್ನು ತಡೆದುಕೊಳ್ಳಲು ಆಗಲಿಲ್ಲ.

"ಅತ್ತೆ, ಅದು ಈ ಬ್ಯಾಟರಿಯ ಚಾರ್ಜರೇ ಅಲ್ಲ. ಅಂಗಡಿಯವನು ಬೇಡ ಅಂದ. ಗೊತ್ತಿದ್ದೇ ತಂದೆ."

ಅವರು ಕತ್ತರಿಯನ್ನೂ ನನ್ನನ್ನೂ ನೋಡಿದರು.

"ಬೆಂಕಿ ಹತ್ತಿದ್ರೆ?"

"ಪ್ಲಗ್ಗು ಕೂರಲ್ಲ, ನೀವು ಬಿಟ್ಟುಬಿಡ್ತೀರಿ ಅಂದುಕೊಂಡೆ."

"ನಾನು ಬಿಡ್ತೀನಾ! ಆರು ವರ್ಷದಲ್ಲಿ ಇಷ್ಟೇನಾ ನನ್ನನ್ನ ನೋಡಿದ್ದು? ಓದಿ ಓದಿ ಮರುಳಾದೋರು ಅಂದ್ರೆ ನೀನೇ ಕಣೆ." ಆಮೇಲೆ ದನಿ ತಗ್ಗಿಸಿದರು. "ಯಾಕೆ ಮಾಡ್ದೆ?"

"ಅದರಲ್ಲಿರೋ ಕರೆಂಟು ಅವನು ತುಂಬಿದ್ದು. ನೀವು ಓಡಿಸಿ ಮುಗಿಸ್ತೀರಿ ಅಂತ." ಮುಲಾಮಿನ ಮುಚ್ಚಳ ತಿರುಗಿಸಿದೆ. "ನಿಮ್ಮನ್ನ ಕಂಡ್ರೆ ಹೊಟ್ಟೆಕಿಚ್ಚು ನನಗೆ."

"ನನ್ನ ಕಂಡ್ರೆ?" ಅತ್ತೆ ಬೋಗುಣಿಯಿಂದ ಕೈ ತೆಗೆದರು. "ವಾರದಲ್ಲಿ ಆರು ದಿನ ನಿನ್ನ ಹತ್ರ ಇದ್ದ. ನನಗೆ ಸಿಕ್ಕಿದ್ದು ಒಂದು ಬೆಳಿಗ್ಗೆ. ಅದೂ ನೀನು ಬೇಡ ಅಂದಿದ್ದಕ್ಕೆ. ನಾನು ಉರೀಬೇಕಾದ್ದು, ನೀನು ಉರೀತಿದ್ದೀಯಾ?"

"ಆರು ದಿನ ಸುಸ್ತಾಗಿ ಬಂದು ಮಲಗೋನು. ನಿಮಗೆ ಸಿಕ್ಕವನನ್ನ ನಾನು ನೋಡೇ ಇಲ್ಲ."

ಅತ್ತೆ ಕೈ ಮುಂದೆ ಚಾಚಿದರು. ಗಾಯಕ್ಕೆ ಬಟ್ಟೆ ಸುತ್ತಿಸಿಕೊಂಡರು. ಗಂಟು ಸಡಿಲವಾಯಿತೆಂದು ಬೈದರು. ಮತ್ತೆ ಕಟ್ಟಿದೆ.

ಸಂಜೆ ಹೂಕುಂಡ ನನ್ನ ಮಡಿಲಲ್ಲಿಟ್ಟುಕೊಂಡು ಇಬ್ಬರೂ ಆಟೋದಲ್ಲಿ ಅಂಗಡಿಗೆ ಹೋದೆವು. ಕಾರು, ರಿಮೋಟ್ ಅತ್ತೆ ಹಿಡಿದಿದ್ದರು. ಅಂಗಡಿಯವನು ಎಲ್ಲ ಕೇಳಿ ನನ್ನನ್ನೊಮ್ಮೆ ದಿಟ್ಟಿಸಿದ. ಬೈಯಲಿಲ್ಲ. ಬಯಲಿನಲ್ಲಿ ಬರಿಯ ಮಣ್ಣಿನ ಮೇಲೆ ಬ್ಯಾಟರಿ ಇಟ್ಟು ಅರ್ಧ ಗಂಟೆ ಕಾದ. ಮುಟ್ಟಿ ನೋಡಿದ, ಮೂಸಿ ನೋಡಿದ. ಉಬ್ಬಿರಲಿಲ್ಲ, ಬಿಸಿಯೂ ಇರಲಿಲ್ಲ. ಒಂದೊಂದೇ ತಂತಿಯನ್ನು ಬೆಸೆದು ಹೊಸ ಪ್ಲಗ್ಗು ಹಾಕಿದ.

"ಆದ್ರೂ ಒಂದು ಸಲ ಶಾರ್ಟ್ ಆದದ್ದು," ಎಂದ. "ಇದನ್ನ ಮನೇಲಿ ಇಡೋ ಹಾಗಿಲ್ಲ, ಮತ್ತೆ ಚಾರ್ಜು ಮಾಡೋ ಹಾಗೂ ಇಲ್ಲ. ಖಾಲಿ ಮಾಡಿ ಎಸೀಬೇಕು. ಇಲ್ಲೇ ಓಡಿಸಿ ಮುಗಿಸಿ, ಇಲ್ಲಾ ನನಗೆ ಕೊಡಿ, ನಾನು ಖಾಲಿ ಮಾಡ್ತೀನಿ."

ಉಳಿಸಿಕೊಳ್ಳಲೆಂದು ಮಾಡಿದ್ದು, ಉಳಿಯದ ಹಾಗೆ ನಾನೇ ಮಾಡಿದ್ದೆ. ಮೇಲಿನ ಸಾಲಿನ, ಪರದೆಯಿರುವ ಚಾರ್ಜರನ್ನೂ ಹೊಸ ಬ್ಯಾಟರಿಯೊಂದನ್ನೂ ಕಟ್ಟಿಕೊಡಲು ಹೇಳಿದೆ. ಈ ಸಲ ಅವನು ಕೇಳುವ ಮೊದಲೇ ಹೇಳಿದೆ: ಲಿಥಿಯಂ, ಎರಡು ಸೆಲ್, ಐದು ಆಂಪಿಯರ್.

ಬಯಲಿನಲ್ಲಿ ಬೇರೆ ಯಾರೂ ಇರಲಿಲ್ಲ. ಹಳೇ ಟೈರುಗಳನ್ನು ಅರ್ಧ ಹೂತು ದಾರಿ ಮಾಡಿದ್ದರು. ಅತ್ತೆ ರಿಮೋಟ್ ಎತ್ತಿಕೊಂಡರು. ಪಿಸ್ತೂಲಿನಂಥದ್ದು; ಎಡಗೈ ತೋರುಬೆರಳಲ್ಲಿ ಟ್ರಿಗರ್ ಎಳೆದರೆ ವೇಗ, ಬಲಗೈಯಲ್ಲಿ ಪಕ್ಕದ ಚಕ್ರ ತಿರುಗಿಸಿದರೆ ದಿಕ್ಕು. ಅವರು ಬಲಗೈ ಚಕ್ರಕ್ಕೆ ಒಯ್ದು, ಹಲ್ಲು ಕಚ್ಚಿ ಹಿಂದಕ್ಕೆ ತೆಗೆದರು. ಇನ್ನೊಮ್ಮೆ ಹಿಡಿದು ನೋಡಿದರು. ಬೆರಳು ಮಡಿಯಲಿಲ್ಲ.

ನಾನು ಕೈ ಚಾಚಿದೆ.

"ಪೂರ್ತಿ ಕೊಡಲ್ಲ," ಎಂದರು. "ಚಕ್ರ ಹಿಡಿ. ವೇಗ ನಂದು."

ಅವರ ಪಕ್ಕಕ್ಕೆ ಒತ್ತಿ ನಿಂತು ಚಕ್ರ ಹಿಡಿದೆ. ಕಾರು ಒಂದು ಸಲ ಎಗರಿ ಮೊದಲ ಟೈರಿಗೇ ಹೋಗಿ ಗುದ್ದಿತು.

"ಎಡಕ್ಕೆ! ಎಡಕ್ಕೆ ಅಂದ್ರೆ ಎಡಕ್ಕೆ!"

"ನೀವು ಅಷ್ಟು ಎಳೆದ್ರೆ ನಾನೇನು ಮಾಡ್ಲಿ?"

"ಕುಣಿಯಲಾರದೋಳಿಗೆ ನೆಲ ಡೊಂಕಂತೆ."

ಎರಡನೆಯ ಸುತ್ತಿಗೆ ತಿರುವು ಸಿಕ್ಕಿತು. ಮೂರನೆಯದಕ್ಕೆ ಅತ್ತೆ ಬೆರಳು ಸಡಿಲಿಸಿದರು. ಕಾರು ನಿಧಾನವಾಗಿ, ಯಾರಿಗೋ ದಾರಿ ಬಿಡುವ ಹಾಗೆ ಅಂಚಿಗೆ ಸರಿದು ಸಾಗಿತು. ಸರಿಸಿದ್ದು ನಾನೇ. ಆದರೆ ಹೀಗೆ ಹೋಗುತ್ತಿದ್ದ ಎಂದು ಅವರಿಗೆ ಗೊತ್ತಿತ್ತು, ನನಗಿರಲಿಲ್ಲ. ಅವರ ಮುಖ ನೋಡಿ ತಿಳಿದುಕೊಂಡೆ. ಆಗಲೂ ಹೊಟ್ಟೆ ಉರಿಯಿತು.

ಹತ್ತು ನಿಮಿಷವೂ ಆಗಿರಲಿಕ್ಕಿಲ್ಲ. ಬಯಲಿನ ಆ ತುದಿಯಲ್ಲಿ ಕಾರು ತಡವರಿಸಿತು, ಎರಡು ಗೇಣು ತೆವಳಿತು, ನಿಂತಿತು. ಅತ್ತೆ ಇನ್ನೂ ಟ್ರಿಗರ್ ಎಳೆಯುತ್ತಲೇ ಇದ್ದರು.

"ಆಯ್ತು," ಎಂದ ಅಂಗಡಿಯವನು ಬಾಗಿಲಲ್ಲಿ.

ನಾನು ಓಡಿದೆ.

"ನಿಲ್ಲೇ!" ಅತ್ತೆ ಹಿಂದಿನಿಂದ ಕೂಗಿದರು. "ನಾನು ತರ್ತೀನಿ! ನಿಲ್ಲು ಅಂದೆ!" ಅವರ ಚಪ್ಪಲಿಯ ಸದ್ದು ಕೇಳಿಸಿತು, ಅವರೂ ಓಡುತ್ತಿದ್ದರು. ನಾನು ಟೈರುಗಳನ್ನು ಹಾರಿದೆ. ಏಳು ತಿಂಗಳಲ್ಲಿ ಬಸ್ಸಿಗೂ ಓಡಿರಲಿಲ್ಲ. ಕಣ್ಣಲ್ಲಿ ನೀರು ತುಂಬಿ ದಾರಿ ಕಾಣುತ್ತಿರಲಿಲ್ಲ.

ಮೊದಲು ತಲುಪಿದ್ದು ನಾನು. ಎರಡೂ ಕೈಯಿಂದ ಎತ್ತಿಕೊಂಡೆ. ಮೋಟಾರು ಬಿಸಿಯಾಗಿತ್ತು. ಅತ್ತೆ ಏದುಸಿರು ಬಿಡುತ್ತ ಬಂದು, ನನ್ನ ಮುಖ ನೋಡಿ, ಎಡಗೈ ಚಾಚಿದರು. ಮೋಟಾರಿನ ಬಿಸಿ ಆರುವವರೆಗೆ ನಾನು ಕಾರು ಕೊಡಲಿಲ್ಲ.