ಇಲ್ಲದ ಗೆರೆಯ ಮೇಲೆ ನಡೆದ ಕತ್ತರಿ

ಬಿಳಿ ಕೋಟಿನ ಎಡತೋಳು ಬಲತೋಳಿಗಿಂತ ಒಂದು ಬೆರಳಗಲ ಗಿಡ್ಡವಾಗಿತ್ತು.

ಟೈಲರ್ ಮಾಸ್ಟರ್ ಮೂರು ಸಲ ಟೇಪು ಹಿಡಿದು ಅಳೆದರು. ಮೂರು ಸಲವೂ ಅದೇ ಲೆಕ್ಕ. ಕತ್ತರಿಸಿದ್ದು ಮಗಳು. ಚಿಕ್ಕಂದಿನಲ್ಲಿ ಸದಾ ಗುಂಡಿಗಳ ಡಬ್ಬಿಯ ಮುಂದೆಯೇ ಕೂತಿರುತ್ತಿದ್ದಳೆಂದು ಎಲ್ಲರೂ ಅವಳನ್ನು ಗುಂಡಿ ಎಂದೇ ಕರೆಯುತ್ತಿದ್ದರು. ಹತ್ತೊಂಬತ್ತು ತುಂಬಿದರೂ ಆ ಹೆಸರು ಬಿಟ್ಟಿರಲಿಲ್ಲ. ಹೋದ ವರ್ಷವಷ್ಟೇ ಮಾಸ್ಟರ್ ತಮ್ಮ ದೊಡ್ಡ ಕತ್ತರಿಯನ್ನು ಅವಳ ಕೈಗೆ ಕೊಟ್ಟಿದ್ದರು.

"ಈ ತಿಂಗಳಲ್ಲಿ ಇದು ಮೂರನೇದು. ಯಾವ ಲೋಕದಲ್ಲಿರ್ತೀಯಮ್ಮ ನೀನು?" ಎನ್ನುತ್ತ ಅವರು ಕತ್ತರಿಯನ್ನು ಕಿತ್ತುಕೊಂಡು ತಮ್ಮ ಬೆನ್ನ ಹಿಂದಿನ ಮೊಳೆಗೆ ತಗುಲಿಹಾಕಿದರು. "ಇವತ್ತಿಂದ ಕಾಜಾ ಹೊಲಿ ಸಾಕು."

ಗುಂಡಿ ಕನ್ನಡಕ ಮೇಲೆತ್ತಿ ಮುಂಗೈಯಿಂದ ಕಣ್ಣುಜ್ಜಿಕೊಂಡಳು. ಅಂಗಡಿಯಲ್ಲಿ ಎಲ್ಲರೂ ಹಾಗೆಯೇ ಉಜ್ಜುವುದು. ಬೆರಳಲ್ಲಿ ಸೂಜಿ ಇರುತ್ತದೆ, ಗಾಳಿಯಲ್ಲಿ ಬಟ್ಟೆಯ ಧೂಳಿರುತ್ತದೆ.

ಅಷ್ಟರಲ್ಲಿ ಕೋಟಿನ ಒಡತಿಯೇ ಬಂದರು. ಕಣ್ಣಿನ ಆಸ್ಪತ್ರೆಯಲ್ಲಿ ದೃಷ್ಟಿ ಪರೀಕ್ಷೆ ಮಾಡುವಾಕೆ. ಕೋಟು ತೊಟ್ಟು ಎರಡೂ ಕೈ ಚಾಚಿ ನೋಡಿಕೊಂಡರು.

"ಏನ್ ಮಾಸ್ಟ್ರೇ, ನನ್ನ ಎಡಗೈ ಉದ್ದ ಆಗಿದ್ಯಾ?"

"ತಪ್ಪಾಗಿದೆ ಮೇಡಂ. ಹುಡುಗಿ ಕೈ ತಪ್ಪಿದೆ. ಬೇರೆ ತೋಳು ಹಾಕ್ಕೊಡ್ತೀನಿ."

"ಕೈ ತಪ್ಪಿಲ್ಲ ಅಪ್ಪಾ," ಎಂದಳು ಗುಂಡಿ. "ಗೆರೆ ಮೇಲೇ ಕತ್ತರಿಸಿದ್ದು."

ಆ ಅಂಗಡಿಗೆ ಒಂದು ರೂಢಿಯಿತ್ತು. ಮಾಸ್ಟರ್ ಮೊದಲು ಹೊಲಿಗೆಯ ಗೆರೆ ಎಳೆಯುವರು. ಆಮೇಲೆ ಅಂಚು ಮಡಿಚಲು ಒಂದು ಬೆರಳಗಲ ಜಾಗ ಬಿಟ್ಟು, ಅದರಾಚೆ ಕತ್ತರಿಯ ಗೆರೆ ಎಳೆಯುವರು. ಕತ್ತರಿಸುವುದು ಯಾವತ್ತೂ ಹೊರಗಿನ ಗೆರೆಯ ಮೇಲೆ.

"ಆ ತೋಳಿಗೆ ನಾನು ಎಳೆದಿದ್ದೇ ಒಂದು ಗೆರೆ ಕಣೇ. ಹೊಲಿಗೆ ಗೆರೆ. ಅಷ್ಟರಲ್ಲಿ ಯಾರೋ ಕರೆದ್ರು, ಎದ್ದುಹೋದೆ."

"ಎರಡಿತ್ತು. ಬಟ್ಟೆ ಸಾಲದು ಅಂತ ಅಂಚಿಗೆ ಕಮ್ಮಿ ಬಿಟ್ಟಿದೀಯ ಅಂದ್ಕೊಂಡೆ."

ಮಾಸ್ಟರ್‌ಗೆ ಸಿಟ್ಟು ಬರಬೇಕಿತ್ತು. ಬಂದದ್ದು ಕುತೂಹಲ. ತೋಳಿನ ಹೊಲಿಗೆ ಬಿಚ್ಚಿ, ಬಟ್ಟೆಯ ಎಳೆ ಎಣಿಸಲು ಇಟ್ಟುಕೊಂಡಿದ್ದ ಭೂತಗನ್ನಡಿ ಹಿಡಿದು ಬಗ್ಗಿದರು. ನೀಲಿ ಸೀಮೆಸುಣ್ಣದ ಗೆರೆ ಒಂದೇ ಒಂದು. ಅದರ ಪಕ್ಕದಲ್ಲಿ, ಎರಡು ಮೂರು ಎಳೆಯಷ್ಟು ದೂರದಲ್ಲಿ, ಕತ್ತರಿ ಹೋಗಿತ್ತು. ಈ ತುದಿಯಿಂದ ಆ ತುದಿಯವರೆಗೂ ಅಷ್ಟೇ ದೂರ. ಎಲ್ಲೂ ಒಂದಿಷ್ಟೂ ನಡುಗಿರಲಿಲ್ಲ. ಕೈ ತಪ್ಪಿದ್ದರೆ ಇಷ್ಟು ನೇರ ಹೋಗುವುದುಂಟೇ?

"ಇಲ್ಲದ ಗೆರೆ ಮೇಲೆ ಇಷ್ಟು ನೀಟಾಗಿ ಹೆಂಗೆ ಕತ್ತರಿಸಿದೆ?"

ಆ ಮಾತಿಗೆ ಮೇಡಂ ಕಿವಿ ನೆಟ್ಟಗಾಯಿತು. ಒಂದು ಚೂರು ಕಾಗದದ ಮೇಲೆ ಪೆನ್ನಿನಿಂದ ಗೆರೆ ಎಳೆದು ಗೋಡೆಗೆ ಅಂಟಿಸಿದರು. "ಎಡಗಣ್ಣು ಮುಚ್ಕೊ. ಎಷ್ಟು ಗೆರೆ?"

"ಒಂದು. ಪಕ್ಕದಲ್ಲಿ ಸ್ವಲ್ಪ ಮಸುಕು."

"ಈಗ ಬಲಗಣ್ಣು."

ಗುಂಡಿ ಕಣ್ಣು ಕಿರಿದು ಮಾಡಿದಳು. "ಎರಡು. ಇಲ್ಲ, ಮೂರು. ಕೆಳಗಿಂದು ನೆರಳಿನ ಥರ. ಯಾಕೆ, ಎಲ್ಲರಿಗೂ ಹಂಗೇ ಕಾಣಲ್ವಾ?"

ಮಾಸ್ಟರ್ ತಾವೂ ಒಂದೊಂದೇ ಕಣ್ಣು ಮುಚ್ಚಿ ನೋಡಿದರು. ಒಂದೇ ಗೆರೆ. ಗೋಡೆಯ ಹತ್ತಿರ ಹೋಗಿ ಬೆರಳಿಂದ ಮುಟ್ಟಿದರು. ಆಗಲೂ ಒಂದೇ.

"ಇವಳ ಕನ್ನಡಕ ಎಷ್ಟು ಸಲ ಬದಲಾಯಿಸಿದೀರಿ?" ಮೇಡಂ ಕೇಳಿದರು.

ಇಸ್ತ್ರಿ ಹಾಕುತ್ತಿದ್ದ ಗುಂಡಿಯ ಅಮ್ಮ ಒಳಗಿನಿಂದಲೇ ಉತ್ತರ ಕೊಟ್ಟರು. "ಎರಡು ವರ್ಷದಲ್ಲಿ ಮೂರು! ಹಾಕಿ ಆರು ತಿಂಗಳಿಗೆ ಮತ್ತೆ ಮಂಜು ಅಂತಾಳೆ. ಬಟ್ಟೆ ಬದಲಾಯಿಸಿದ ಹಾಗೆ ಕನ್ನಡಕ ಬದಲಾಯಿಸ್ತಾಳೆ."

ಮೇಡಂ ಸ್ಟೂಲು ಎಳೆದುಕೊಂಡು ಕೂತರು. "ಮಾಸ್ಟ್ರೇ, ನಾನು ಡಾಕ್ಟರಲ್ಲ. ಆದರೆ ಇದನ್ನ ದಿನಾ ನೋಡ್ತೀನಿ. ಕಣ್ಣಿನ ಕಪ್ಪು ಗುಡ್ಡೆ ಮುಂದೆ ಗಾಜಿನ ಥರ ಒಂದು ಪದರ ಇದೆ. ಕಾರ್ನಿಯಾ ಅಂತಾರೆ. ದಪ್ಪ ಅರ್ಧ ಮಿಲಿಮೀಟರ್‌ಗಿಂತ ಚೂರು ಜಾಸ್ತಿ, ಅಷ್ಟೇ. ನೋಡೋಕೆ ಗಾಜು, ಒಳಗೆ ನೇಯ್ಗೆ."

"ನೇಯ್ಗೆನಾ?" ಮಾಸ್ಟರ್ ಭೂತಗನ್ನಡಿ ಕೆಳಗಿಟ್ಟರು.

"ಹೂಂ. ಕೊಲಾಜೆನ್ ಅನ್ನೋ ಪ್ರೋಟೀನಿನ ಎಳೆಗಳು. ಸಾಲಾಗಿ ಜೋಡಿಸಿದ ಎಳೆಗಳ ಪದರ, ಅದರ ಮೇಲೆ ಅಡ್ಡಡ್ಡ ಇನ್ನೊಂದು. ಹೀಗೆ ನೂರಾರು. ಎಳೆಗೂ ಎಳೆಗೂ ಮಧ್ಯೆ ಸಣ್ಣ ಸಣ್ಣ ಬೆಸುಗೆ. ಪದರದ ನಡುವೆ ಕೂತ ಜೀವಕೋಶಗಳು ರಿಪೇರಿ ಕೆಲಸ ನೋಡ್ಕೋತವೆ. ಕೆಲವರಲ್ಲಿ ಆ ಕೋಶಗಳು ಕಮ್ಮಿ ಆಗ್ತವೆ, ಎಳೆ ಕರಗಿಸೋ ರಸಗಳು ಜಾಸ್ತಿ ಆಗ್ತವೆ. ಬೆಸುಗೆ ಬಿಡುತ್ತೆ, ಪದರ ಜಾರುತ್ತೆ, ಕಾರ್ನಿಯಾ ತೆಳ್ಳಗಾಗುತ್ತೆ. ಆಮೇಲೆ ಒಳಗಿನ ಒತ್ತಡಕ್ಕೆ ಅದೇ ಜಾಗದಲ್ಲಿ..."

"ತಡೀರಿ!" ಮಾಸ್ಟರ್ ಎದ್ದರು. ರಿಪೇರಿಗೆ ಬಂದಿದ್ದ ಹಳೇ ಪ್ಯಾಂಟೊಂದನ್ನು ಕೊಕ್ಕೆಯಿಂದ ಇಳಿಸಿ ಮೇಜಿನ ಮೇಲೆ ಹಾಕಿದರು. ಅದರ ಮಂಡಿಯ ಜಾಗ ಉಬ್ಬಿ, ಒಳಗೆ ಯಾರೋ ಕೂತಂತೆ ನಿಂತಿತ್ತು. "ಹಿಂಗಾ?"

ಮೇಡಂ ನಕ್ಕುಬಿಟ್ಟರು. "ಥೇಟ್ ಹಿಂಗೇ! ತೆಳ್ಳಗಾದ ಕಡೆ ಉಬ್ಬು. ಸಾಮಾನ್ಯವಾಗಿ ನಡುವಿಂದ ಸ್ವಲ್ಪ ಕೆಳಗೆ. ದುಂಡಗಿರಬೇಕಾದ್ದು ಮೊನೆಯಾಗುತ್ತೆ. ಬೆಳಕು ಅಡ್ಡಾದಿಡ್ಡಿ ಒಳಗೆ ಹೋಗುತ್ತೆ. ಒಂದು ಗೆರೆ ಎರಡಾಗೋದು ಅದಕ್ಕೇ. ಇದಕ್ಕೆ ಕೆರಟೋಕೋನಸ್ ಅಂತ ಹೆಸರು. ಹರೆಯದಲ್ಲೇ ಜಾಸ್ತಿ ಶುರುವಾಗೋದು."

"ಯಾಕೆ ಬರುತ್ತೆ?" ಗುಂಡಿ ಕೇಳಿದಳು. ಕೇಳುತ್ತಲೇ ಮುಂಗೈ ಕಣ್ಣಿಗೆ ಹೋಯಿತು.

"ಒಂದೇ ಕಾರಣ ಅಂತ ಯಾರೂ ಹೇಳೋಕಾಗಲ್ಲ. ಕೆಲವು ಮನೆತನದಲ್ಲಿ ಇರುತ್ತೆ. ಆದರೆ ಅದನ್ನ ಹೆಚ್ಚು ಮಾಡೋದು ಒಂದಿದೆ, ನೀನೀಗ ಮಾಡ್ತಿದೀಯಲ್ಲ, ಅದೇ!"

ಗುಂಡಿಯ ಕೈ ಅರ್ಧದಲ್ಲೇ ನಿಂತಿತು.

ಮಾಸ್ಟರ್‌ಗೆ ಮಾತ್ರ ಇದು ಒಪ್ಪಿಗೆಯಾಗಲಿಲ್ಲ. "ಅದೇನ್ ಮೇಡಂ, ನಾನು ಮೂವತ್ತು ವರ್ಷದಿಂದ ಉಜ್ಜಿದೀನಿ. ನನಗೇನಾಗಿದೆ?"

"ಗಟ್ಟಿ ಬಟ್ಟೆ ಎಷ್ಟು ಒಗೆದರೂ ತಡೆಯುತ್ತೆ. ತೆಳು ಬಟ್ಟೆಗೂ ಅದೇ ಒಗೆತ ಹಾಕ್ತೀರಾ?"

"ಅದೂ ಸರಿ. ಆದರೆ ಇವಳೆಷ್ಟು ಸಲ ಉಜ್ಜಿಯಾಳು? ಎರಡೋ ಮೂರೋ."

"ಎಣಿಸಿ ನೋಡಿ," ಎಂದು ಹೇಳಿ ಮೇಡಂ ಹೊರಟರು. ಹೊಸಿಲಲ್ಲಿ ನಿಂತು, "ತಡ ಮಾಡಬೇಡಿ" ಎಂದೂ ಹೇಳಿದರು.

ಮರುದಿನ ಬೆಳಿಗ್ಗೆ ಮಾಸ್ಟರ್ ನಿಜವಾಗಿಯೂ ಎಣಿಸಿದರು. ಮಗಳಿಗೆ ಹೇಳದೆ, ಅವಳು ಒಂದು ಸಲ ಕಣ್ಣುಜ್ಜಿದರೆ ಮೇಜಿನ ಅಂಚಿಗೆ ಸೀಮೆಸುಣ್ಣದಲ್ಲಿ ಒಂದು ಗೀಟು. ಎರಡೋ ಮೂರೋ ಎಂದುಕೊಂಡಿದ್ದ ಗೀಟುಗಳು ಮಧ್ಯಾಹ್ನದ ಊಟದ ಹೊತ್ತಿಗೆ ನಲವತ್ತೊಂದಾದವು. ಉಜ್ಜುವುದೆಂದರೆ ಸುಮ್ಮನೆ ಸವರುವುದಲ್ಲ. ಮುಂಗೈಯ ಗೆಣ್ಣು ಒತ್ತಿ ತಿರುವುವುದು.

ಅವರು ಗೀಟುಗಳನ್ನೇ ನೋಡುತ್ತ ನಿಂತರು. ಆಮೇಲೆ ಹಿಂದಿನ ಮೊಳೆಯತ್ತ ತಿರುಗಿದರು. ಆ ಕತ್ತರಿಯನ್ನು ಇನ್ನು ಯಾರ ಕೈಗೆ ಕೊಡುವುದು?

"ನಡಿಯಮ್ಮ, ಆಸ್ಪತ್ರೆಗೆ ಹೋಗೋಣ," ಎಂದರು.

"ಅಪ್ಪಾ, ಸ್ಕೂಲ್ ಯೂನಿಫಾರ್ಮಿನ ಕೆಲಸ ರಾಶಿ ಬಿದ್ದಿದೆ. ಮುಗಿಸಿ ಹೋಗೋಣ."

"ಮುಗಿಯೋ ಹೊತ್ತಿಗೆ ಮಂಡಿ ಇನ್ನಷ್ಟು ಉಬ್ಬಲಿ ಅಂತಾನಾ?"

ಆಸ್ಪತ್ರೆಯ ಕತ್ತಲೆ ಕೋಣೆಯಲ್ಲಿ ಒಂದು ಯಂತ್ರ ಗುಂಡಿಯ ಕಣ್ಣಿನ ನಕ್ಷೆ ತೆಗೆಯಿತು. ನೋವಿಲ್ಲ, ಮುಟ್ಟುವುದೂ ಇಲ್ಲ. ಮಾಸ್ಟರ್ ಸುಮ್ಮನಿರದೆ "ನಂದೂ ಒಂದು ತೆಗೀರಿ" ಎಂದರು. ಅವರ ನಕ್ಷೆ ಹಸಿರು ಬಯಲು. ಮಗಳ ಎಡಗಣ್ಣಿನದರಲ್ಲಿ ಕೆಳಗಡೆ ಒಂದು ಕೆಂಪು ದಿಬ್ಬ ಎದ್ದಿತ್ತು. ಬಲಗಣ್ಣಿನದರಲ್ಲಿ ಕಿತ್ತಳೆ ಬಣ್ಣ ಆಗತಾನೇ ಮೂಡುತ್ತಿತ್ತು.

"ಇದನ್ನ ಮತ್ತೆ ದುಂಡಗೆ ಮಾಡೋಕಾಗುತ್ತಾ?" ಮಾಸ್ಟರ್ ಡಾಕ್ಟರನ್ನು ಕೇಳಿದರು.

"ಪೂರ್ತಿ ಮೊದಲಿನ ಹಾಗೆ ಆಗಲ್ಲ," ಎಂದರು ಡಾಕ್ಟರು. "ಮುಂದೆ ಹೆಚ್ಚದ ಹಾಗೆ ತಡೀಬಹುದು. ಕಣ್ಣಿಗೆ ಬಿ2 ವಿಟಮಿನ್ನಿನ ಹನಿ ಹಾಕಿ, ಅಳೆದಷ್ಟು ನೇರಳಾತೀತ ಬೆಳಕು ಬಿಡ್ತೀವಿ. ಎರಡೂ ಸೇರಿ ಎಳೆಗಳ ಮಧ್ಯೆ ಹೊಸ ಬೆಸುಗೆ ಹುಟ್ಟುತ್ತೆ. ಪದರ ಬಿಗಿಯಾಗುತ್ತೆ."

"ಅಂದ್ರೆ ಕಾಲರ್ ಬಿಗಿಯಾಗಲಿ ಅಂತ ಒಳಗೆ ಕ್ಯಾನ್ವಾಸ್ ಕೊಟ್ಟ ಹಾಗೆ," ಎಂದಳು ಗುಂಡಿ.

"ಸೂಜಿ, ದಾರ ಇಲ್ಲದೆ," ಎಂದು ಡಾಕ್ಟರು ನಕ್ಕರು.

ಮೊದಲು ಎಡಗಣ್ಣು, ಕೆಲವು ವಾರದ ನಂತರ ಬಲಗಣ್ಣು. ಆರಂಭದ ಮೂರ್ನಾಲ್ಕು ದಿನ ಉರಿ, ನೀರು, ಬೆಳಕು ಕಂಡರೆ ಆಗದು. ಅಮ್ಮ ಕಿಟಕಿಗೆ ಕಪ್ಪು ಬಟ್ಟೆ ಕಟ್ಟಿದರು. ತುರಿಕೆಗೆ ಡಾಕ್ಟರು ಬೇರೆ ಹನಿ ಕೊಟ್ಟರು. ಆರು ತಿಂಗಳ ಮೇಲೆ ತೆಗೆದ ನಕ್ಷೆಯಲ್ಲಿ ಕೆಂಪು ದಿಬ್ಬ ಇದ್ದಲ್ಲೇ ಇತ್ತು, ಬೆಳೆದಿರಲಿಲ್ಲ. ಉಬ್ಬಿನ ಮೇಲೆ ಕೂತು ದುಂಡನೆಯ ಮೈ ಕೊಡುವ ಗಟ್ಟಿ ಕಾಂಟ್ಯಾಕ್ಟ್ ಲೆನ್ಸ್ ಅವಳಿಗೆ ಹಾಕಿದರು.

ಅವಳು ಲೆನ್ಸ್ ಹಾಕಿಕೊಂಡು ಅಂಗಡಿಗೆ ಬಂದ ಮೊದಲ ದಿನ ಮಾಸ್ಟರ್ ಬಟ್ಟೆ ಹರಡಿ, ಬೇಕೆಂದೇ ಒಂದೇ ಗೆರೆ ಎಳೆದು ಮೊಳೆಯಿಂದ ಕತ್ತರಿ ತೆಗೆದುಕೊಟ್ಟರು.

ಗುಂಡಿ ಬಗ್ಗಿ ನೋಡಿದಳು. ಕತ್ತರಿ ಕೆಳಗಿಟ್ಟಳು.

"ಇನ್ನೊಂದು ಗೆರೆ ಎಲ್ಲಪ್ಪಾ? ಹೊಲಿಗೆ ಗೆರೆ ಮೇಲೆ ಕತ್ತರಿಸೋಕೆ ಹೇಳ್ತೀಯಾ? ವಯಸ್ಸಾಯ್ತು ನಿನಗೆ."

ಮಾಸ್ಟರ್ ಜೋರಾಗಿ ನಕ್ಕರು. ಕಣ್ಣಲ್ಲಿ ನೀರು ಬಂತು. ಒರೆಸಿಕೊಳ್ಳಲು ಮುಂಗೈ ಎತ್ತಿದರು.

"ಅಪ್ಪಾ, ಕೈ ಕೆಳಗೆ!"

ಇದನ್ನು ಓದುತ್ತಿರುವವರೇ, ಕೇಳುತ್ತಿರುವವರೇ, ನಿಮ್ಮ ಮನೆಯ ಹುಡುಗ ಹುಡುಗಿಯರ ಕನ್ನಡಕದ ನಂಬರು ಪದೇ ಪದೇ ಏರುತ್ತಿದೆಯೇ? ಒಂದು ದೀಪ ಎರಡು ಮೂರಾಗಿ ಕಾಣುತ್ತದೆ ಎನ್ನುತ್ತಾರೆಯೇ? ಬೈಯುವ ಮುಂಚೆ ಒಂದು ಗೆರೆ ಎಳೆಯಿರಿ, ಒಂದೊಂದೇ ಕಣ್ಣು ಮುಚ್ಚಿಸಿ ಕೇಳಿ. ಅರ್ಧ ದಿನ ಅವರ ಕೈ ಎಷ್ಟು ಸಲ ಕಣ್ಣಿಗೆ ಹೋಗುತ್ತದೆ ಎಂದು ಎಣಿಸಿ. ಅನುಮಾನ ಬಂದರೆ ಕಣ್ಣಿನ ಡಾಕ್ಟರ ಹತ್ತಿರ ಹೋಗಿ, ಕಾರ್ನಿಯಾದ ನಕ್ಷೆ ತೆಗೆಯಬೇಕೇ ಎಂದು ನೀವೇ ಕೇಳಿ. ಮನೆಯಲ್ಲಿ ಒಬ್ಬರಿಗಿದ್ದರೆ ಅಣ್ಣ ತಮ್ಮ, ಅಕ್ಕ ತಂಗಿಯರನ್ನೂ ತೋರಿಸಿ. ಕಣ್ಣು ತುರಿಸಿದರೆ ಅದಕ್ಕೆ ಔಷಧಿ ಇದೆ, ಉಜ್ಜುವುದು ಬೇಡ. ಉಬ್ಬಿದ್ದನ್ನು ಹಿಂದಕ್ಕೆ ತರುವುದು ಕಷ್ಟ. ಇನ್ನಷ್ಟು ಉಬ್ಬುವ ಮುಂಚೆ ಬಿಗಿ ಮಾಡುವುದು ಆಗುವ ಕೆಲಸ.